ಹಿಣಿಲಿಗೆ ಹುತ್ತವೆಂದರು

ನಮ್ಮ ಮನೆಯಲ್ಲಿ ಕಾಫಿ ಲೋಟದ ಕೆಳಗೆ ಇಡುವ ಒಂದು ರಟ್ಟಿನ ಬಿಲ್ಲೆ ಇದೆ. ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಕೆಂಪು. ಹಳೇ ಪಾಸ್‌ಪೋರ್ಟ್ ಇಟ್ಟಿದ್ದ ಚೀಲ ಜಾಡಿಸಿದಾಗ ಬಿದ್ದದ್ದು. ಅದು ಎಲ್ಲಿಂದ ಬಂತು ಎಂದು ನನ್ನ ಹೆಂಡತಿ ಕೇಳಲಿಲ್ಲ. ಮೇಜಿನ ಮೇಲೆ ಕಲೆ ಬೀಳದಿದ್ದರೆ ಅವಳಿಗೆ ಸಾಕು. ಮೊನ್ನೆ ಮೊಮ್ಮಗಳು ಅದನ್ನು ಎತ್ತಿಕೊಂಡು, "ತಾತ, ಇದು ರೈಲು ಬಿಡೋದಾ?" ಎಂದಳು. ಹಸಿರು ತೋರಿಸಿದಳು, ನಾನು ಕೂ ಎನ್ನುತ್ತಾ ಪಡಸಾಲೆಯಲ್ಲಿ ಹೊರಟೆ. ಕೆಂಪು ತೋರಿಸಿದಳು, ನಿಂತೆ. ನಿಂತ ನಿಲ್ದಾಣ ರಿಬೆರಾವ್ ಪ್ರೆಟೊ.

ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಕೂಡಿಸುವ ಕೆಲಸದಲ್ಲಿದ್ದವನು ನಾನು. ಕಬ್ಬು ಅರೆಯುವ ರೋಲರುಗಳ ವಿಚಾರವಾಗಿ ಹದಿನೈದು ವರ್ಷದ ಕೆಳಗೆ ಬ್ರೆಜಿಲ್‌ಗೆ ಹೋಗಬೇಕಾಯಿತು. ಸಾವೊ ಪಾಲೊ ರಾಜ್ಯದ ಒಳನಾಡಿನಲ್ಲಿರುವ ರಿಬೆರಾವ್ ಪ್ರೆಟೊ, ಅದರ ಮಗ್ಗುಲಿನ ಸೆರ್ಟಾವ್‌ಜಿನ್ಯೊ, ಇವೆರಡೂ ಅಲ್ಲಿನ ಸಕ್ಕರೆ ಸೀಮೆ. ಕೆಮ್ಮಣ್ಣು, ಕಬ್ಬು, ಕಬ್ಬಿನ ಲಾರಿ, ಗಾಳಿಯಲ್ಲಿ ಕಾಕಂಬಿಯ ವಾಸನೆ. ಕಣ್ಣು ಮುಚ್ಚಿಕೊಂಡರೆ ಮಂಡ್ಯ. ಕಣ್ಣು ಬಿಟ್ಟರೆ ಮಾತ್ರ ಗದ್ದೆಗೆ ಬದುವೇ ಇಲ್ಲ. ಬದುವಿಲ್ಲದ ಮೇಲೆ ಬದುವಿನ ಜಗಳವೂ ಇರಲಾರದು, ಹಾಗಾದರೆ ಈ ಜನ ಸಂಜೆ ಹೊತ್ತು ಏನು ಮಾಡುತ್ತಾರೆ ಎಂದು ಮೂರು ದಿನ ಯೋಚಿಸಿದೆ. ನಾಲ್ಕನೇ ದಿನ ಗೊತ್ತಾಯಿತು. ಉಣ್ಣುತ್ತಾರೆ.

ಕೆಲಸ ಮುಗಿದ ಸಂಜೆ ಅಲ್ಲಿನ ಹಿರಿಯ ಫೋರ್‌ಮನ್ ಒಬ್ಬರು ನನ್ನನ್ನು ಶುರಾಸ್ಕರಿಯಕ್ಕೆ ಕರೆದೊಯ್ದರು. ಇಂಗ್ಲಿಷಿನವರು ಸ್ಟೇಕ್‌ಹೌಸ್ ಎನ್ನುವುದರ ಬ್ರೆಜಿಲ್ ಅವತಾರ ಅದು. ಆದರೆ ಸ್ಟೇಕ್‌ಹೌಸಿನಲ್ಲಿ ಗಿರಾಕಿ ಮೆನು ನೋಡಿ, ತೂಕ ಹೇಳಿ, ಎಷ್ಟು ಬೇಯಬೇಕೆಂದು ಹೇಳಿ, ದೊಡ್ಡ ಮನುಷ್ಯನ ಹಾಗೆ ಕಾಯುತ್ತಾನೆ. ಇಲ್ಲಿ ಕಾಯುವ ಮಾತೇ ಇಲ್ಲ. ಪದ್ಧತಿಯ ಹೆಸರು ರೊಡೀಜಿಯೊ, ಅಂದರೆ ಸರದಿ. ಆಳೆತ್ತರದ ಸಲಾಕೆಗೆ ಮಾಂಸ ಚುಚ್ಚಿ ಕೆಂಡದ ಮೇಲೆ ಸುಟ್ಟು, ಆ ಸಲಾಕೆಯನ್ನೇ ಹಿಡಿದುಕೊಂಡು ಒಬ್ಬರ ಹಿಂದೆ ಒಬ್ಬರು ಮೇಜಿಂದ ಮೇಜಿಗೆ ಬರುತ್ತಾರೆ. ಸಲಾಕೆಯ ತುದಿಯನ್ನು ತಟ್ಟೆಯ ಪಕ್ಕ ಊರಿ, ಉದ್ದನೆಯ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಕಾಗದದ ಹಾಗೆ ಒಂದು ಪದರ ಇಳಿಸುತ್ತಾರೆ. ಪದರದ ತುದಿಯನ್ನು ನಾವು ಪುಟ್ಟ ಚಿಮಟದಲ್ಲಿ ಹಿಡಿದುಕೊಳ್ಳಬೇಕು. ಮಸಾಲೆ ಎಂದರೆ ಕಲ್ಲುಪ್ಪು, ಅಷ್ಟೆ. ಸಾಕು ಬೇಕು ಹೇಳಲು ಬಾಯಿ ಬೇಡ: ಬಿಲ್ಲೆಯ ಹಸಿರು ಮೇಲಿದ್ದರೆ ಬನ್ನಿ, ಕೆಂಪು ಮೇಲಿದ್ದರೆ ಸ್ವಲ್ಪ ಬಿಡ್ರಪ್ಪ.

ಇದು ನಮ್ಮ ಬೀಗರೂಟವೇ ಎಂದು ಐದು ನಿಮಿಷದಲ್ಲಿ ತಿಳಿಯಿತು. ಅಲ್ಲೂ ಮುದ್ದೆ ಮುರಿಯುವ ಮೊದಲೇ ಚಾಪ್ಸಿನ ಬಕೆಟ್ಟು ಬಂದು ತಲೆಯ ಮೇಲೆ ನಿಂತಿರುತ್ತದೆ. ಬೇಡವೆಂದರೆ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿಯಬೇಕು. ಹಿಡಿದರೂ ಬಡಿಸುವವನು ಬೆರಳ ಸಂದಿಯಲ್ಲಿ ಎರಡು ತುಂಡು ಬಿಟ್ಟೇ ಮುಂದೆ ಹೋಗುತ್ತಾನೆ. ಬಿಡದಿದ್ದರೆ ಹೆಣ್ಣಿನ ಕಡೆಯವರಿಗೆ ಅವಮಾನ. ಬ್ರೆಜಿಲ್‌ನವರು ಆ ಎರಡು ಕೈಗಳ ಬದಲು ರಟ್ಟಿನ ಬಿಲ್ಲೆ ಇಟ್ಟಿದ್ದಾರೆ. ವ್ಯವಸ್ಥೆ ಅಚ್ಚುಕಟ್ಟು ನಿಜ. ಆದರೆ ಕೆಂಪು ತೋರಿಸಿದರೆ ಅವರು ನಿಜವಾಗಿಯೂ ನಿಂತುಬಿಡುತ್ತಾರೆ. ಅದೊಂದು ಕೊರತೆ ನನಗೆ ಕಂಡಿತು.

ಏನೇನು ತಿಂದೆ ಎಂಬ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಎಂಬತ್ತೇಳರ ನಮ್ಮಮ್ಮ ನಾನು ಬರೆದದ್ದನ್ನೆಲ್ಲ ಸೊಸೆಯ ಕೈಲಿ ಓದಿಸಿಕೊಂಡು ಕೇಳುತ್ತಾಳೆ. ಕೋಳಿಯ ಗುಂಡಿಗೆಗಳನ್ನು ದ್ರಾಕ್ಷಿಯ ಹಾಗೆ ಪೋಣಿಸಿಕೊಂಡು ಬಂದಿದ್ದರು, ಅದನ್ನು ತಿಂದೆ. ಇಷ್ಟು ಬರೆದರೆ ತೊಂದರೆಯಿಲ್ಲ.

ಆಮೇಲೆ ಬೆಳ್ಳಿ ಕಾಗದ ಸುತ್ತಿದ ಒಂದು ದೊಡ್ಡ ಉಂಡೆಯನ್ನು ಸಲಾಕೆಯಲ್ಲಿ ಹೊತ್ತು ಒಬ್ಬ ಮುದುಕ ಬಂದ. ಉಳಿದ ಹುಡುಗರೆಲ್ಲ ಓಡಾಡುತ್ತಿದ್ದರೆ ಇವನು ಉತ್ಸವಮೂರ್ತಿ ಹೊತ್ತವನ ಹಾಗೆ ನಿಧಾನಕ್ಕೆ ನಡೆಯುತ್ತಿದ್ದ. "ಕುಪಿಂ" ಎಂದ. ನನ್ನ ಫೋರ್‌ಮನ್ನರ ಮುಖ ಅರಳಿತು. ಕಾಗದ ಬಿಡಿಸಿದರೆ ಒಳಗೆ ಹೊಂಬಣ್ಣದ ಮಾಂಸ, ಎಳೆ ಎಳೆಯ ನಡುವೆ ಬೆಣ್ಣೆಯ ಗೆರೆ ಎಳೆದಂತೆ ಕೊಬ್ಬು. ಗಂಟೆಗಟ್ಟಲೆ ಬೆಂದರೆ ಮಾತ್ರ ಮೆದುವಾಗುವ ಭಾಗವಂತೆ ಅದು. ಯಾವ ಭಾಗ ಎಂದು ಕೇಳಿದೆ. ಅವರ ಇಂಗ್ಲಿಷು ರೋಲರು, ಬೇರಿಂಗು, ಬೋಲ್ಟುಗಳವರೆಗೆ ಸಲೀಸು. ದನದ ಮೈಗೆ ಬಂದಾಗ ಕೈಕೊಟ್ಟಿತು. ಎದ್ದು ನಿಂತರು, ಮುಂದಕ್ಕೆ ಬಾಗಿದರು, ಬಲಗೈ ಮುಷ್ಟಿ ಕಟ್ಟಿ ಕತ್ತಿನ ಹಿಂದೆ ಎರಡು ಹೆಗಲ ನಡುವೆ ಇಟ್ಟುಕೊಂಡರು. ಹಾಗೇ ಬಾಗಿಕೊಂಡೇ ತಲೆ ಎತ್ತಿ, "ಬೊಯ್. ಇಂಡಿಯಾ," ಎಂದು ನನ್ನ ಕಡೆ ಕೈ ತೋರಿಸಿದರು.

ನಾನು ಇಂಡಿಯಾದವನು ಎಂಬುದನ್ನು ಈ ಭಂಗಿಯಲ್ಲಿ ಯಾಕೆ ಹೇಳುತ್ತಿದ್ದಾರೆಂದು ಅರ್ಥವಾಗಲಿಲ್ಲ. ಅವರು ಕೂತು, ಕೈ ಒರೆಸುವ ಕಾಗದ ಎಳೆದುಕೊಂಡು ಒಂದು ಗುಡ್ಡೆ ಬರೆದರು. ಗುಡ್ಡೆಯ ಸುತ್ತ ಚುಕ್ಕೆ ಇಟ್ಟರು, ಚುಕ್ಕೆಗಳಿಗೆ ಕಾಲು ಬರೆದರು. ಗೆದ್ದಲು! "ಕುಪಿಂ," ಎಂದರು. ಆಮೇಲೆ ಪಕ್ಕದಲ್ಲಿ ಒಂದು ಎತ್ತು ಬರೆದು, "ಬೊಯ್," ಎಂದು ತೋರಿಸಿ, ಅದೇ ಗುಡ್ಡೆಯನ್ನು ಅದರ ಹೆಗಲ ಮೇಲೆ ಕೂಡಿಸಿ, "ಕುಪಿಂ," ಎಂದರು. ಪೋರ್ಚುಗೀಸಿನಲ್ಲಿ ಗೆದ್ದಲಿಗೂ ಅದು ಕಟ್ಟುವ ಹುತ್ತಕ್ಕೂ ಕುಪಿಂ ಎನ್ನುತ್ತಾರೆ. ನಮ್ಮ ಎತ್ತಿನ ಹಿಣಿಲನ್ನು ಮೊದಲ ಸಲ ಕಂಡವರಿಗೆ, ಹುಲ್ಲುಗಾವಲಿನಲ್ಲಿ ದಿನಾ ನೋಡುವ ಹುತ್ತವೇ ಎದ್ದು ನಡೆದು ಬಂದಂತೆ ಕಂಡಿರಬೇಕು.

ಹಿಣಿಲು. ಆ ಮಾತು ನನ್ನ ಬಾಯಲ್ಲಿ ಬಂದು ಮೂವತ್ತು ವರ್ಷವಾಗಿತ್ತೇನೋ. ಪೇಟೆ ಸೇರಿದವರು ಡುಬ್ಬ ಎಂದು ಒಂಟೆಯನ್ನೂ ಎತ್ತನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮ್ಮ ತಾತನ ಮುಂದೆ ಎತ್ತಿನ ಡುಬ್ಬ ಎಂದಿದ್ದರೆ ಆ ದಿನ ರಾತ್ರಿ ನನಗೆ ಊಟವಿರುತ್ತಿರಲಿಲ್ಲ.

ತಾತನಿಗೆ ಎರಡು ಹಳ್ಳಿಕಾರ್ ಎತ್ತು. ಕುಣಿಗಲ್ ಕಡೆ ಹಳ್ಳಿಕಾರ್ ಅಲ್ಲದ್ದನ್ನು ಎತ್ತು ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೊಂಡಿದ್ದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದ. ಪುಷ್ಯದ ಚಳಿ, ಬಯಲ ತುಂಬ ದನ, ಹುಲ್ಲಿನ ಹೊಗೆ. ತಾತ ಮೊದಲು ಹಲ್ಲು ನೋಡಿದ, ಆಮೇಲೆ ಸುಳಿ ಹುಡುಕಿದ, ಆಮೇಲೆ ಏನೂ ಹೇಳದೆ ಅಂಗೈಯನ್ನು ಹಿಣಿಲಿನ ಮೇಲಿಟ್ಟು ಸುಮ್ಮನೆ ನಿಂತ. ನಾಡಿ ಹಿಡಿದ ಪಂಡಿತನ ಹಾಗೆ ನಿಂತಿದ್ದ. ಹಿಣಿಲು ಒಂದು ಪಕ್ಕಕ್ಕೆ ವಾಲಿರಬಾರದು, ಜೋಲಬಾರದು, ಗಟ್ಟಿಯಿರಬೇಕು, ಆದರೆ ಕಲ್ಲಾಗಿರಬಾರದು. "ಹಲ್ಲು ಸುಳ್ಳು ಹೇಳಬೋದು ಕಣ್ಲಾ, ಇದು ಹೇಳಾಕಿಲ್ಲ," ಎಂದ. ಆಮೇಲೆ ದಲ್ಲಾಳಿಯೂ ಅವನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ವ್ಯಾಪಾರ ಕುದುರಿಸಿದರು. ಎಷ್ಟಕ್ಕೆ ಕುದುರಿತು ಎಂದು ಅಜ್ಜಿಗೂ ಕೊನೆತನಕ ಹೇಳಲಿಲ್ಲ.

ಘಾಟಿ ನಾಗನ ಕ್ಷೇತ್ರ. ಹುತ್ತಕ್ಕೆ ತನಿ ಎರೆಯುವ ಕುಲದವರು ನಾವು. ಆ ದೇವರ ಬಯಲಲ್ಲಿ ನಿಂತು ಹಿಣಿಲು ಮುಟ್ಟಿ ಎತ್ತು ಕೊಳ್ಳುತ್ತಿದ್ದ ಮುದುಕನ ಮೊಮ್ಮಗ, ಹಿಣಿಲಿಗೇ ಹುತ್ತ ಎಂದು ಹೆಸರಿಟ್ಟ ಊರಿನಲ್ಲಿ ಚಿಮಟ ಹಿಡಿದು ಕೂತಿದ್ದೆ.

ಹಿಣಿಲು ಯಾತಕ್ಕೆ ಎಂದು ಯಾರಾದರೂ ಕೇಳಿದರೆ ನಮ್ಮೂರ ಹುಡುಗರೂ ಹೇಳುತ್ತಿದ್ದರು: ನೊಗ ನಿಲ್ಲಲಿಕ್ಕೆ. ಎಂಜಿನಿಯರಾದ ಮೇಲೂ ನನಗೆ ಇದಕ್ಕಿಂತ ಉತ್ತಮ ವಿವರಣೆ ಸಿಕ್ಕಿಲ್ಲ. ಕತ್ತಿನ ಮೇಲೆ ನೊಗ ಇಡುತ್ತೀರಿ, ಜತ್ತಿಗೆ ಕಟ್ಟುತ್ತೀರಿ, ಎತ್ತು ಮುಂದಕ್ಕೆ ಎಳೆದಾಗ ನೊಗ ಹಿಂದಕ್ಕೆ ಸರಿದು ಹಿಣಿಲಿಗೆ ಒರಗಿ ನಿಲ್ಲುತ್ತದೆ. ಹಿಣಿಲಿಲ್ಲದ ಯುರೋಪಿನ ದನಕ್ಕೆ ನೊಗವನ್ನು ಕೊಂಬಿಗೆ ಬಿಗಿಯಬೇಕು, ಇಲ್ಲವೇ ಕೊರಳಿಗೆ ಬೇರೆ ಕಟ್ಟು ಮಾಡಬೇಕು. ನಮ್ಮ ದನ ಹುಟ್ಟುವಾಗಲೇ ಸ್ಟಾಪರ್ ಹೊತ್ತುಕೊಂಡು ಬರುತ್ತದೆ. ಉಕ್ಕೆ ಹೊಡೆಯುವ ಕಾಲದಲ್ಲಿ ನೊಗ ತಾಗುವ ಜಾಗ ಬಾತುಕೊಳ್ಳುತ್ತಿತ್ತು. ತಾತ ಸಂಜೆ ಹರಳೆಣ್ಣೆಗೆ ಅರಿಶಿನ ಕಲಸಿ ಬೆಚ್ಚಗೆ ಮಾಡಿ ಹಚ್ಚುತ್ತಿದ್ದ. ಲಾಟೀನು ಹಿಡಿಯುವ ಕೆಲಸ ನನ್ನದು. ಎಣ್ಣೆ ತಾಗಿದ ತಕ್ಷಣ ಹಿಣಿಲಿನ ಮೇಲಿನ ಚರ್ಮ ಝಲ್ಲನೆ ಅದುರುತ್ತಿತ್ತು, ಆಮೇಲೆ ಎತ್ತು ಒಂದು ಉದ್ದ ಉಸಿರು ಬಿಡುತ್ತಿತ್ತು. ಎತ್ತು ಉಸಿರು ಬಿಟ್ಟಿತು ಎಂದರೆ ತಾತನೂ ಬಿಡುತ್ತಿದ್ದ.

ಊರಿಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಹಿಣಿಲು ಸಮುದ್ರ ದಾಟಿದ ಕಥೆಯನ್ನು ಸಿಕ್ಕಸಿಕ್ಕಲ್ಲಿ ಓದತೊಡಗಿದೆ. ಹೆಂಡತಿ, "ನಿವೃತ್ತಿ ಆದಮೇಲೆ ಜನ ಭಗವದ್ಗೀತೆ ಓದ್ತಾರೆ, ನೀವು ದನದ ವಂಶಾವಳಿ," ಎಂದಳು.

1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಒಂದು ಹಡಗು ದಾರಿಯಲ್ಲಿ ಬ್ರೆಜಿಲ್‌ನ ಸಾಲ್ವಡಾರ್ ಬಂದರಿನಲ್ಲಿ ತಂಗಿತು. ಅದರಲ್ಲಿದ್ದ ಒಂಗೋಲು ತಳಿಯ ಒಂದು ಜೋಡಿಯನ್ನು ಅಲ್ಲೇ ಮಾರಿಬಿಟ್ಟರು. ಹತ್ತು ವರ್ಷದ ನಂತರ, 1878ರಲ್ಲಿ, ಮನುಯೆಲ್ ಲೆಂಗ್ರೂಬರ್ ಎಂಬ ರಿಯೊ ಕಡೆಯ ಜಮೀನ್ದಾರ ಯುರೋಪಿಗೆ ಹೋಗಿದ್ದಾಗ ಹ್ಯಾಂಬರ್ಗಿನ ಮೃಗಾಲಯದಲ್ಲಿ ಇದೇ ದನವನ್ನು ಕಂಡು, ಒಂದು ಜೋಡಿ ಕೊಂಡು ಊರಿಗೆ ಸಾಗಿಸಿದ. ಮೃಗಾಲಯ! ಹುಲಿ ಸಿಂಹದ ಸಾಲಿನಲ್ಲಿ ಹಿಣಿಲು ಹೊತ್ತು ನಿಂತ ನಮ್ಮ ಕಡೆಯ ಬಸವ, ಟಿಕೆಟ್ಟು ಕೊಂಡು ನೋಡುವ ಜರ್ಮನ್ ಮಕ್ಕಳು. ಆ ಚಿತ್ರ ನನ್ನನ್ನು ಎಷ್ಟೋ ದಿನ ಕಾಡಿತು. ಬಸವ ಏನು ಅಂದುಕೊಂಡಿದ್ದೀತು? ಸುತ್ತಲೂ ಇಷ್ಟು ಜನ, ಯಾರ ಕೈಯಲ್ಲೂ ನೊಗವಿಲ್ಲ.

ಒಂಗೋಲು ಆಗ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಬ್ರೆಜಿಲ್‌ನಲ್ಲಿ ಆ ತಳಿಯ ಹೆಸರು ನೆಲೋರ್ ಎಂದೇ ನಿಂತಿತು. ಗುಜರಾತಿನ ಕಾಂಕ್ರೇಜ್ ಅಲ್ಲಿ ಗುಜೆರಾ ಆಯಿತು. ಗಿರ್ ಗಿರ್ ಆಗಿಯೇ ಉಳಿಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮಿನಾಸ್ ರಾಜ್ಯದ ಉಬೆರಾಬ ಎಂಬ ಊರಿನ ದನಗಾರರು ತಾವೇ ಹಡಗು ಹತ್ತಿ ಇಂಡಿಯಾಕ್ಕೆ ಬರತೊಡಗಿದರು. ನನ್ನ ಫೋರ್‌ಮನ್ ಆ ಉಬೆರಾಬದವರೇ. ಆ ಊರಲ್ಲಿ ಈಗಲೂ ವರ್ಷಕ್ಕೊಮ್ಮೆ ಜೆಬು, ಅಂದರೆ ಹಿಣಿಲಿರುವ ದನದ ದೊಡ್ಡ ಜಾತ್ರೆ ನಡೆಯುತ್ತದೆ. ಜೆಬುವಿಗೇ ಒಂದು ಮ್ಯೂಸಿಯಮ್ಮೂ ಇದೆ. ಪೋರ್ಚುಗೀಸು ಬಿಟ್ಟು ಬೇರೆ ಮಾತು ಬಾರದ ಆ ರೈತರು ನಮ್ಮ ದಲ್ಲಾಳಿಗಳ ಜೊತೆ ಹೇಗೆ ವ್ಯವಹರಿಸಿದರೋ. ಟವೆಲ್ಲಿನ ಕೆಳಗೆ ಬೆರಳು ಹಿಡಿದಿರಬೇಕು ಎಂದು ನನ್ನ ಊಹೆ. ಆ ಭಾಷೆಗೆ ವ್ಯಾಕರಣ ಬೇಡ.

ಯಾಕೆ ಬೇಕಿತ್ತು ಅವರಿಗೆ ನಮ್ಮ ದನ? ಉಷ್ಣ ಮತ್ತು ಉಣ್ಣೆಹುಳ. ಯುರೋಪಿನಿಂದ ತಂದ ದನ ಆ ಬಿಸಿಲಿಗೆ ನಾಲಿಗೆ ಚಾಚಿ ನೆರಳು ಹುಡುಕುತ್ತಿತ್ತು, ಉಣ್ಣೆಹುಳ ಕಚ್ಚಿ ಸೊರಗುತ್ತಿತ್ತು. ನಮ್ಮದಕ್ಕೆ ಬಿಳೀ ಕೂದಲು, ಅದರ ಕೆಳಗೆ ಕಪ್ಪು ಚರ್ಮ, ಸಡಿಲವಾಗಿ ಜೋಲುವ ಗಂಗೆದೊಗಲು, ಚೆನ್ನಾಗಿ ಬೆವರುವ ಮೈ. ಒಣಹುಲ್ಲು ಕೊಟ್ಟರೂ ತಕರಾರಿಲ್ಲ. ಇಂಡಿಯಾದಿಂದ ಹೋದದ್ದು ಒಟ್ಟು ಕೆಲವೇ ಸಾವಿರ ದನ. ಇವತ್ತು ಬ್ರೆಜಿಲ್‌ನಲ್ಲಿ 20 ಕೋಟಿಗೂ ಮೀರಿ ದನಗಳಿವೆ, ಜನರಿಗಿಂತ ಹೆಚ್ಚು. ಅವುಗಳಲ್ಲಿ ಬಹುಪಾಲಿಗೆ ಹಿಣಿಲಿದೆ. 2023ರ ಸುಮಾರಿಗೆ ವಿಯಾಟಿನಾ-19 ಎಂಬ ನೆಲೋರ್ ಹಸುವಿಗೆ ಹರಾಜಿನಲ್ಲಿ 43 ಲಕ್ಷ ಡಾಲರು ಬೆಲೆ ಕಟ್ಟಿದರು. ಒಂದು ಟನ್ನಿಗೂ ಮಿಕ್ಕಿದ ತೂಕ, ಗಿನ್ನೆಸ್ ದಾಖಲೆ. ಪತ್ರಿಕೆಯಲ್ಲಿ ಅದರ ಫೋಟೊ ನೋಡಿದೆ. ಉಳಿದವರೆಲ್ಲ ಬೆಲೆ ಓದಿ ಬಾಯಿ ಬಿಟ್ಟರೆ, ನಾನು ಕನ್ನಡಕ ಏರಿಸಿಕೊಂಡು ಹಿಣಿಲು ವಾಲಿದೆಯೇ ಎಂದು ನೋಡಿದೆ.

ಈ ಇಡೀ ಕಥೆಯಲ್ಲಿ ನನಗಿರುವ ಒಂದೇ ಹೊಟ್ಟೆಕಿಚ್ಚು, ಹಳ್ಳಿಕಾರ್ ಯಾಕೆ ಹೋಗಲಿಲ್ಲ ಎಂಬುದು. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಸೀ ದನಗಳ ನಾಲ್ಕು ಚೀಟಿ ಹೊರಡಿಸಿತು: ಗಿರ್, ಕಾಂಕ್ರೇಜ್, ಕಂಗಾಯಂ, ಹಳ್ಳಿಕಾರ್. ಮೊದಲ ಮೂರೂ ಬ್ರೆಜಿಲ್ ಸೇರಿವೆ. ತಮಿಳುನಾಡಿನ ಕಂಗಾಯಂ ಕೂಡ ಅಲ್ಲಿನ ಜೆಬು ಸಾಕುವವರ ಸಂಘದ ನೋಂದಣಿ ಪುಸ್ತಕದಲ್ಲಿದೆ, ಅಷ್ಟು ಸಾಲದು ಎಂದು ಆಂಧ್ರದ ಕುಳ್ಳ ಪುಂಗನೂರೂ ಇದೆ. ಹಳ್ಳಿಕಾರ್ ಒಂದೇ ಊರಲ್ಲಿ ಉಳಿದ ಹಿರೀಮಗ. ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯೂ ಹಿಂದೆ ಆ ಕಡೆ ಹೋಗಿತ್ತು. ಅಮೆರಿಕದಲ್ಲಿ ಬ್ರಾಹ್ಮನ್ ಎಂದು ಹೆಸರಿಟ್ಟುಕೊಂಡು ಮಾಂಸಕ್ಕೇ ಬೆಳೆಸುವ ದನದ ಮೈಯಲ್ಲಿ ಅದರ ರಕ್ತವೂ ಸ್ವಲ್ಪ ಇದೆ. ಆ ಹೆಸರಿನ ವಿಚಾರ ಇಲ್ಲಿಗೇ ಬಿಡೋಣ. ಕಂಗಾಯಂ ತಳಿಯನ್ನು ತಿಳಿದವರು ಮೈಸೂರು ಬಳಗಕ್ಕೆ ಸೇರಿಸುತ್ತಾರೆ, ಹಾಗಾಗಿ ನಮ್ಮ ಕಡೆಯ ನೆಂಟನೊಬ್ಬ ಅಲ್ಲಿದ್ದಾನೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಊರಲ್ಲಿ ಯಾರಾದರೂ ಅಮೆರಿಕದಲ್ಲಿ ಮಗನಿದ್ದಾನೆ ಎಂದರೆ ನಮಗೂ ಒಬ್ಬ ಷಡ್ಡಕನ ಮಗನಿದ್ದಾನೆ ಎನ್ನುವುದಿಲ್ಲವೇ, ಹಾಗೆ.

ಇನ್ನೊಂದು ಸಮಾಧಾನವೂ ಇದೆ. ನಮ್ಮವು ಓಡುವ ದನ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನದ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹಳ್ಳಿಕಾರ್ ಅದರ ಬುಡದಲ್ಲಿರುವ ತಳಿ. ಹೈದರ್ ಅಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನುಗ್ಗಿದ್ದು ಈ ಎತ್ತುಗಳನ್ನು ನಂಬಿ ಎಂದು ಹಳೇ ಗೆಜೆಟಿಯರುಗಳು ಬರೆಯುತ್ತವೆ. ಫಿರಂಗಿ ಎಳೆದವು, ರಸದು ಎಳೆದವು, 1799ರ ನಂತರ ಯಜಮಾನ ಬದಲಾದರೂ ಎಳೆಯುವುದು ಬಿಡಲಿಲ್ಲ. ಮೂಳೆ, ನರ, ಕೊಂಬು, ಸಿಟ್ಟು ಇಷ್ಟೇ ಇರುವ ದನ. ಸಲಾಕೆಗೆ ಏರಿಸಿದರೆ ಕಟ್ಟಿಗೆ ದಂಡ. ಬ್ರೆಜಿಲ್‌ನವರು ನೋಡಿ ಬಿಟ್ಟರೋ, ನೋಡದೆ ಬಿಟ್ಟರೋ, ಒಟ್ಟಿನಲ್ಲಿ ತಾತನ ಎತ್ತುಗಳ ವಂಶದಲ್ಲಿ ಯಾರೂ ಬೆಳ್ಳಿ ಕಾಗದದಲ್ಲಿ ಬೆಂದಿಲ್ಲ. ಇದು ಅಭಿಮಾನವೋ ಹೊಟ್ಟೆಕಿಚ್ಚೋ ಎಂದು ನನಗೇ ಆಗಾಗ ಅನುಮಾನ ಬರುತ್ತದೆ.

ಹಿಣಿಲು ಒಂದು ಅನಾಹುತವನ್ನೂ ಮಾಡಿತು. 1920ರಲ್ಲಿ ಇಂಡಿಯಾದಿಂದ ಬ್ರೆಜಿಲ್‌ಗೆ ಹೊರಟಿದ್ದ ಜೆಬು ದನಗಳನ್ನು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿದ್ದರು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ಬೆಲ್ಜಿಯಂ ದನಗಳು ಸಾಯತೊಡಗಿದವು. ಯುರೋಪು ಗಾಬರಿಯಾಗಿ ಸಭೆ ಕರೆಯಿತು. 1924ರಲ್ಲಿ 28 ದೇಶಗಳು ಪ್ಯಾರಿಸ್ಸಿನಲ್ಲಿ ಸೇರಿ ಪ್ರಾಣಿಗಳ ಕಾಯಿಲೆ ನೋಡಿಕೊಳ್ಳಲು ಒಂದು ಅಂತರರಾಷ್ಟ್ರೀಯ ಕಚೇರಿ ಸ್ಥಾಪಿಸಿದವು. ವಿಶ್ವಸಂಸ್ಥೆ ಹುಟ್ಟುವುದಕ್ಕೂ ಎಷ್ಟೋ ಮೊದಲು ಹುಟ್ಟಿದ ಆ ಕಚೇರಿ ಈಗಲೂ ಅಲ್ಲೇ ಇದೆ. ನಮ್ಮೂರಲ್ಲಿ ದೊಡ್ಡರೋಗ ಬಂದಾಗ ಮಾರಮ್ಮನನ್ನು ಊರ ಗಡಿ ದಾಟಿಸಿ ಕಳಿಸುತ್ತಿದ್ದರು. ಗಡಿಯಾಚೆಯ ಊರಿನವರು ಅವಳನ್ನು ಮುಂದಿನ ಗಡಿ ದಾಟಿಸುತ್ತಿದ್ದರು. ಹೀಗೆ ದಾಟಿಸುತ್ತಾ ದಾಟಿಸುತ್ತಾ ಅಮ್ಮ ಆಂಟ್‌ವರ್ಪ್ ತಲುಪಿದಳು ಎಂದು ತಾತನಿಗೆ ಹೇಳಿದ್ದರೆ ತಲೆಯಾಡಿಸುತ್ತಿದ್ದ. 2011ರಲ್ಲಿ ಆ ರೋಗ ಭೂಮಿಯ ಮೇಲೇ ಇಲ್ಲವಾಯಿತು ಎಂದು ಸಾರಿದರು. ದನದ ಡಾಕ್ಟರು ಸೂಜಿ ತಂದ ದಿನ ಎತ್ತು ಬಚ್ಚಿಡಲು ಹೊಲಕ್ಕೆ ಹೊಡೆದುಕೊಂಡು ಹೋಗಿದ್ದ ನಮ್ಮ ತಾತನದು ಇದರಲ್ಲಿ ಯಾವ ಪಾಲೂ ಇಲ್ಲ.

ದೊಡ್ಡರೋಗದ ಭಯದಿಂದ ಆಗ ಬ್ರೆಜಿಲ್ ಬಾಗಿಲು ಹಾಕಿಕೊಂಡಿತು. ಮತ್ತೆ ದೊಡ್ಡದಾಗಿ ತೆರೆದದ್ದು 1962ರಲ್ಲಿ, ಕೊನೆಯ ಸಲ. ಆಗ ಹೋದ ದನಗಳನ್ನು ನೇರವಾಗಿ ಒಳಗೆ ಬಿಡದೆ, ಅಟ್ಲಾಂಟಿಕ್ಕಿನ ನಡುವೆ ಫೆರ್ನಾಂಡೊ ಡಿ ನೊರೊನ್ಯ ಎಂಬ ದ್ವೀಪದಲ್ಲಿ ತಿಂಗಳುಗಟ್ಟಲೆ ಕಾಯಿಸಿದರು. ಆ ತಂಡದಲ್ಲಿ ಕರವದಿ ಎಂಬ ಹೋರಿ ಇತ್ತು. ಒಂಗೋಲಿನ ಹತ್ತಿರದ ಹಳ್ಳಿಯ ಹೆಸರೇ ಅದಕ್ಕೂ. ಇವತ್ತು ಅಲ್ಲಿನ ನೆಲೋರ್ ವಂಶಾವಳಿ ಬಿಡಿಸಿದರೆ ಪುಟಪುಟಕ್ಕೂ ಕರವದಿ ಸಿಗುತ್ತದೆ. ನಾನು ಆ ದ್ವೀಪದ ಫೋಟೊಗಳನ್ನು ನೋಡಿದ್ದೇನೆ. ಈಗ ಸಿರಿವಂತರು ಹನಿಮೂನಿಗೆ ಹೋಗುವ ಜಾಗ. ನೀಲಿ ನೀರು, ಬಿಳಿ ಮರಳು. ಅಲ್ಲಿ ಸಂಜೆ ಹೊತ್ತು ಕಡಲಿಗೆ ಮುಖ ಮಾಡಿ ಮೆಲುಕು ಹಾಕುತ್ತಾ ಕೂತ ಒಂಗೋಲು ಹೋರಿಯನ್ನು ಸೇರಿಸಿಕೊಳ್ಳದೆ ಆ ಫೋಟೊ ನೋಡಲು ನನ್ನಿಂದ ಆಗುವುದಿಲ್ಲ.

ಮುದುಕ ಇನ್ನೂ ಸಲಾಕೆ ಊರಿ ನಿಂತಿದ್ದಾನೆ. ಅವನನ್ನು ಇಷ್ಟು ಹೊತ್ತು ನಿಲ್ಲಿಸಬಾರದಿತ್ತು.

ನಿಜಕ್ಕೆ ಅವನು ನಿಲ್ಲಲಿಲ್ಲ. ನಾನು ಕಾಗದದ ಮೇಲಿನ ಗೆದ್ದಲು ನೋಡುತ್ತಿದ್ದಾಗಲೇ ಒಂದು ಪದರ ಇಳಿಸಿಬಿಟ್ಟಿದ್ದ. ಚಿಮಟ ಹಿಡಿದದ್ದು ನನ್ನ ಕೈಯೇ. ತೆಳ್ಳಗೆ, ಬಿಸಿಬಿಸಿ, ಅಂಚಿನಲ್ಲಿ ಕೊಬ್ಬು ಇನ್ನೂ ಸಣ್ಣಗೆ ಚುರ್ ಎನ್ನುತ್ತಿತ್ತು. ಅದಕ್ಕೂ ಮೊದಲು ತಟ್ಟೆಗೆ ಬಂದವುಗಳಿಗೆಲ್ಲ ಬಾಯಿ ತುಂಬುವ ಪೋರ್ಚುಗೀಸು ಹೆಸರುಗಳಿದ್ದವು. ಹೆಸರು ಗೊತ್ತಿಲ್ಲದ್ದು ಬರೀ ಅಡುಗೆ. ಇದಕ್ಕೆ ನನ್ನ ಮಾತಿನಲ್ಲಿ ಹೆಸರಿತ್ತು. ಅಂಗೈಯಲ್ಲಿ ಅದರ ಅಳತೆಯಿತ್ತು. ಲಾಟೀನಿನ ಬೆಳಕಿನಲ್ಲಿ ಅದು ಝಲ್ಲನೆ ಅದುರಿದ್ದು ಗೊತ್ತಿತ್ತು. ಧರ್ಮ, ಶಾಸ್ತ್ರ ಎಂದೆಲ್ಲ ದೊಡ್ಡ ಮಾತು ಆಗ ಹೊಳೆಯಲಿಲ್ಲ. ಹರಳೆಣ್ಣೆ ವಾಸನೆ ಬಂದ ಹಾಗಾಯಿತು. ಹರಳೆಣ್ಣೆ ವಾಸನೆ ಬಂದರೆ ಯಾರಿಗೆ ತಾನೆ ಊಟ ಸೇರುತ್ತದೆ?

ಚಿಕ್ಕ ಮಕ್ಕಳು ಹಾಗಲಕಾಯಿಗೆ ಮಾಡುವ ಉಪಾಯವನ್ನೇ ನಾನೂ ಮಾಡಿದೆ. ನಾಲ್ಕು ತುಂಡು ಮಾಡಿ ತಟ್ಟೆಯ ನಾಲ್ಕು ಮೂಲೆಗೆ ಸರಿಸಿದೆ, ಮೇಲೆ ಒಂದು ಎಲೆ ಸೊಪ್ಪು ಮುಚ್ಚಿದೆ. ಬಿಲ್ಲೆ ತಿರುಗಿಸಿ ಕೆಂಪು ಮಾಡಿದೆ. ಫೋರ್‌ಮನ್ ಎಲ್ಲ ನೋಡಿದರು. ಏನೂ ಕೇಳಲಿಲ್ಲ. ಬೀಗರೂಟದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಸೇರಿ ಪಂಚಾಯಿತಿ ಮಾಡುತ್ತಿದ್ದರು. ಕಾಗದದ ಮೇಲೆ ತಾವು ಬರೆದ ಎತ್ತಿಗೆ ಅವರು ಮೆಲ್ಲಗೆ ಕೊಂಬು ಬರೆದರು, ಬಾಲ ಬರೆದರು, ಬಾಲದ ತುದಿಗೆ ಕುಚ್ಚು ಬರೆದರು. ಅವರ ಚಿಕ್ಕಪ್ಪನಿಗೆ ಉಬೆರಾಬದ ಹೊರಗೆ ದನದ ಜಮೀನಿದೆಯಂತೆ. ಚಿಕ್ಕವರಿದ್ದಾಗ ರಜೆಯಲ್ಲಿ ಅಲ್ಲಿಗೆ ಹೋಗಿ ಕರುಗಳನ್ನು ಎಣಿಸುವ ಕೆಲಸ ಮಾಡಿದ್ದರಂತೆ. ಎಣಿಸಿ ಮುಗಿಯುವಷ್ಟರಲ್ಲಿ ರಜೆ ಮುಗಿಯುತ್ತಿತ್ತಂತೆ.

ಆಮೇಲೆ ಅವರು ಯಾರಿಗೋ ಕಣ್ಸನ್ನೆ ಮಾಡಿದರು. ಸಲಾಕೆಯಲ್ಲಿ ಇಡೀ ಅನಾನಸ್ಸು ಬಂತು, ದಾಲ್ಚಿನ್ನಿ ಸಕ್ಕರೆ ಉದುರಿಸಿ ಕೆಂಡದ ಮೇಲೆ ಸುಟ್ಟದ್ದು. ಸಕ್ಕರೆ ಕರಗಿ ಕಂದಾಗಿ ಹಣ್ಣಿನ ಕಣ್ಣುಗಳಲ್ಲಿ ಇಳಿದಿತ್ತು. ನಾನು ಖುಷಿಯಲ್ಲಿ "ಅನಾನಸ್!" ಎಂದೆ. "ಅಬಕಶಿ," ಎಂದು ಅವರು ತಿದ್ದಿದರು. ಅನಾನಸ್ ಎಂಬ ಮಾತು ದಕ್ಷಿಣ ಅಮೆರಿಕದ ಮೂಲ ಜನರಿಂದ ಹೊರಟು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ತನಕ ಬಂದದ್ದು. ಬ್ರೆಜಿಲ್‌ನವರು ಮಾತ್ರ ಅದನ್ನು ನಮಗೆ ಬಿಟ್ಟುಕೊಟ್ಟು ಬೇರೆ ಹೆಸರು ಹಿಡಿದಿದ್ದಾರೆ. ಗೇರುಬೀಜವೂ ಅಲ್ಲಿನದೇ. ಹೊರಡುವಾಗ ಕಾರಿನ ಕೀಲಿ ತೆಗೆದು "ಶಾವಿ" ಎಂದರು. ನಮ್ಮ ಹುಬ್ಬಳ್ಳಿಯವರು ಚಾವಿ ಎನ್ನುವುದೂ ಅವರದೇ ಮಾತು. ಹಣ್ಣು ಬಂತು, ಬೀಜ ಬಂತು, ಬೀಗ ತೆಗೆಯುವ ಮಾತೂ ಬಂತು; ಬದಲಿಗೆ ಹಿಣಿಲು ಹೋಯಿತು. ಟವೆಲ್ಲಿನ ಕೆಳಗಿನ ವ್ಯಾಪಾರ. ಯಾರಿಗೆ ಎಷ್ಟು ದಕ್ಕಿತು ಎಂದು ಬೆರಳು ಹಿಡಿದವರಿಗೇ ಗೊತ್ತು. ಎದ್ದು ಹೊರಡುವಾಗ ಬಿಲ್ಲೆ ನನ್ನ ಕೈಯಲ್ಲೇ ಇತ್ತು, ಜೇಬಿಗೆ ಹೋಯಿತು.

ರೂಮಿಗೆ ಬಂದಾಗ ರಾತ್ರಿ ಹತ್ತು ಗಂಟೆ. ಊರಲ್ಲಿ ಬೆಳಗ್ಗೆ ಆರೂವರೆ. ಅಮ್ಮನಿಗೆ ಫೋನು ಮಾಡಿದೆ.

"ಊಟ ಆಯ್ತೇನಪ್ಪ?"

"ಆಯ್ತು ಕಣಮ್ಮ."

"ಏನ್ ತಿಂದೆ?"

"ಕೋಳಿ."

"ಬರೀ ಕೋಳೀನಾ? ಆ ಊರಲ್ಲಿ ದನಕರ ಅವ್ಯಾ?"

"ಅವೆ ಕಣಮ್ಮ. ನಮ್ಮ ಕಡೆಯವೇ. ನೆಲ್ಲೂರು ಸೀಮೆಯಿಂದ ತಂದು ಸಾಕವ್ರೆ. ಒಂದೊಂದು ಆನೆ ಇದ್ದಂಗವೆ."

"ಹಿಣಿಲು?"

ಅವಳು ತಾತನ ಸೊಸೆ. ಬೇರೆ ಏನನ್ನೂ ಮೊದಲು ಕೇಳುವುದಿಲ್ಲ. "ಇಷ್ಟೆತ್ತರ," ಎಂದೆ. ಫೋನಿನಲ್ಲಿ ಕಾಣುವುದಿಲ್ಲ ಎಂಬುದು ಮರೆತು ಕೈ ತೋರಿಸಿದೆ.

"ಅಷ್ಟು ದೊಡ್ಡ ಹಿಣಿಲಿದ್ರೆ ನೊಗ ಏನ್ ಚೆನ್ನಾಗಿ ಕೂರ್ತದೆ," ಎಂದಳು. ಅವಳ ದನಿಯಲ್ಲಿ ಆಸೆಯಿತ್ತು. "ಯಾತಕ್ಕೆ ಹೂಡ್ತಾರೆ? ಗಾಡಿಗೋ, ಉಳುಮೆಗೋ?"

"ಎಲ್ಲಾ ಟ್ರ್ಯಾಕ್ಟರ್ ಕಣಮ್ಮ ಇಲ್ಲಿ. ನೊಗಾನೇ ಇಲ್ಲ."

ಒಂದು ಗಳಿಗೆ ಅವಳು ಮಾತಾಡಲಿಲ್ಲ.

"ಮತ್ಯಾತಕ್ಕೆ ಸಾಕ್ತಾರೆ?"

"ಅಮ್ಮಾ, ಸರಿಯಾಗಿ ಕೇಳಿಸ್ತಿಲ್ಲ, ಲೈನು ಸರಿಯಿಲ್ಲ. ಊರಿಗೆ ಬಂದು ಹೇಳ್ತೀನಿ," ಎಂದೆ.

ಲೈನು ಚೆನ್ನಾಗಿಯೇ ಇತ್ತು. ಅವಳ ಪಕ್ಕದಲ್ಲಿ ತಂಬಿಗೆಗೆ ಹಾಲು ಸೊರ್ ಸೊರ್ ಎಂದು ಬೀಳುವುದೂ, ಹಗ್ಗ ಎಳೆಯುವ ಕರುವಿನ ಕೊರಳ ಗೆಜ್ಜೆಯೂ ಕೇಳುತ್ತಿತ್ತು.